ಮನೆಗಳು ನಿಂತು ಮರುಭೂಮಿ ಮೊದಲಾಗುವ ಗೆರೆ

ಅಮೆರಿಕದ ಅರಿಝೋನಾ ರಾಜ್ಯದ ಸ್ಕಾಟ್ಸ್‌ಡೇಲ್ ನಗರದಲ್ಲಿ, ಮೆಕ್‌ಡೊವೆಲ್ ಬೆಟ್ಟಸಾಲಿನ ಕಣಿವೆದಾರಿ ಹತ್ತಿ ಪಶ್ಚಿಮಕ್ಕೆ ತಿರುಗಿ ನಿಂತರೆ ಕೆಳಗೆ ಒಂದು ಗೆರೆ ಕಾಣುತ್ತದೆ. ಗೆರೆಯ ಆಚೆ ಹೆಂಚಿನ ಮಾಡುಗಳು, ಈಜುಕೊಳಗಳ ನೀಲಿ ಚೌಕಗಳು, ಗಾಲ್ಫ್ ಮೈದಾನದ ಕಣ್ಣು ಕುಕ್ಕುವ ಹಸಿರು, ಅದರಾಚೆ ಬಿಸಿಲ ಮಬ್ಬಿನಲ್ಲಿ ದಿಗಂತದವರೆಗೂ ಹರಡಿದ ಫೀನಿಕ್ಸ್ ಮಹಾನಗರ. ಗೆರೆಯ ಈಚೆ ಒಂದು ಮನೆಯೂ ಇಲ್ಲ. ತೋಳೆತ್ತಿ ನಿಂತ ಸಾವಿರಾರು ಸಗ್ವಾರೊ ಕಳ್ಳಿಗಳು, ಗುಲಾಬಿ ಬಣ್ಣದ ಬಂಡೆಗಳು, ಒಣ ಹಳ್ಳಗಳ ಗುಂಟ ಸಾಗುವ ಹಸಿರು ಮರಗಳು. ಕತ್ತರಿಸಿದ ಹಾಗೆ ಊರು ಇಲ್ಲಿಗೆ ಮುಗಿಯುತ್ತದೆ.

ಬೆಟ್ಟವೋ ನದಿಯೋ ಅಡ್ಡ ಬಂದದ್ದಕ್ಕೆ ಊರು ಅಲ್ಲಿ ನಿಂತದ್ದಲ್ಲ. ಅಲ್ಲಿಯ ನಿವಾಸಿಗಳು ಮತಗಟ್ಟೆಗೆ ಹೋಗಿ, ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡು, ಆ ಹಣದಲ್ಲಿ ಮರುಭೂಮಿಯನ್ನು ಎಕರೆ ಎಕರೆಯಾಗಿ ಕೊಂಡು ಎಳೆದ ಗೆರೆ ಅದು. ಮೆಕ್‌ಡೊವೆಲ್ ಸೊನೊರನ್ ಪ್ರಿಸರ್ವ್ ಎಂಬ ಈ ಸಂರಕ್ಷಿತ ಪ್ರದೇಶದ ವಿಸ್ತೀರ್ಣ ಈಗ 30,000 ಎಕರೆಗೂ ಹೆಚ್ಚು. ನಗರದ ಒಟ್ಟು ನೆಲದಲ್ಲಿ ಸುಮಾರು ಕಾಲುಭಾಗ. ಒಳಗೆ 200 ಮೈಲಿಗೂ ಮೀರಿದ ಕಾಲುದಾರಿಗಳಿವೆ. ಒಂದು ನಗರ ತನ್ನ ಒಡಲಿನ ಇಷ್ಟು ದೊಡ್ಡ ಪಾಲನ್ನು ಏನೂ ಕಟ್ಟದೆ ಹಾಗೆಯೇ ಬಿಟ್ಟಿದೆ ಎಂಬುದನ್ನು, ಅದೂ ಅಮೆರಿಕದಲ್ಲಿ ಅತಿ ವೇಗವಾಗಿ ಬೆಳೆದ ಮಹಾನಗರಗಳಲ್ಲಿ ಒಂದರ ಪಕ್ಕದಲ್ಲಿ, ಕಣ್ಣಾರೆ ಕಂಡಾಗ ಮೈ ಜುಮ್ಮೆಂದಿತು.

ನಾನು ಹೋದದ್ದು ಮೇ ಕೊನೆಯಲ್ಲಿ, ಸಗ್ವಾರೊ ಹೂಬಿಡುವ ಕಾಲ. ಅಲ್ಲಿ ಆ ತಿಂಗಳಲ್ಲಿ ನಡೆಯುವವರೆಲ್ಲ ಬೆಳಕು ಹರಿಯುವ ಮೊದಲೇ ಹೊರಟು, ಬಿಸಿಲೇರುವಷ್ಟರಲ್ಲಿ ಇಳಿದುಬಿಡುತ್ತಾರೆ. ಗೇಟ್‌ವೇ ಎಂಬ ಪ್ರವೇಶದ್ವಾರದಲ್ಲಿ ನೀಲಿ ಅಂಗಿ ತೊಟ್ಟ ಹಿರಿಯ ಸ್ವಯಂಸೇವಕಿಯೊಬ್ಬರು ಬರುವವರ ನೀರಿನ ಬಾಟಲಿಗಳನ್ನು ನೋಡಿ, ಸಾಲದು ಅನಿಸಿದವರನ್ನು ತಡೆದು ಹೇಳುತ್ತಿದ್ದರು. ಇಂಥ ನೂರಾರು ಸ್ವಯಂಸೇವಕರು ಇಲ್ಲಿ ದಾರಿ ರಿಪೇರಿ ಮಾಡುತ್ತಾರೆ, ಮಕ್ಕಳನ್ನು ಕರೆದೊಯ್ದು ಗಿಡಮರ ತೋರಿಸುತ್ತಾರೆ, ಪ್ರಾಣಿಪಕ್ಷಿಗಳ ಲೆಕ್ಕವಿಡುತ್ತಾರೆ. ಆಕೆ ಮೊದಲು ತೋರಿಸಿದ್ದು ನಲವತ್ತಡಿ ಎತ್ತರದ ದೈತ್ಯನನ್ನಲ್ಲ. ಬಗ್ಗಿ, ಒಂದು ಪಾಲೊವರ್ಡೆ ಮರದ ಬುಡದತ್ತ ಬೆರಳು ಮಾಡಿದರು. ಅಲ್ಲಿ, ಕೊಂಬೆಗಳ ಚೂರು ನೆರಳಲ್ಲಿ, ಹೆಬ್ಬೆರಳು ಗಾತ್ರದ ಮುಳ್ಳಿನ ಗುಂಡೊಂದು ಕೂತಿತ್ತು. ಅದು ಸಗ್ವಾರೊ ಮರಿ.

ಮೊದಲ ಎಂಟು ವರ್ಷದಲ್ಲಿ ಸಗ್ವಾರೊ ಬೆಳೆಯುವುದು ಒಂದು, ಹೆಚ್ಚೆಂದರೆ ಒಂದೂವರೆ ಅಂಗುಲ. ಆ ಮರಿಗೆ ಬಿಸಿಲು, ಚಳಿ, ಹಕ್ಕಿ, ಇಲಿ ಎಲ್ಲವೂ ವೈರಿಗಳೇ. ಹಾಗಾಗಿ ಮರದ ಆಸರೆಯಿಲ್ಲದ ಬಯಲಲ್ಲಿ ಬದುಕುಳಿಯುವುದು ತೀರಾ ಅಪರೂಪ. ಸಾಕುವ ಮರ ಪಾಲೊವರ್ಡೆಯೂ ಸಾಮಾನ್ಯದ್ದಲ್ಲ. ಅದರ ಕಾಂಡವೇ ಹಸಿರು. ಬರದಲ್ಲಿ ಎಲೆ ಉದುರಿಸಿ ತೊಗಟೆಯಿಂದಲೇ ಆಹಾರ ತಯಾರಿಸಿಕೊಳ್ಳುತ್ತದೆ. ಸಗ್ವಾರೊ ಮರಿ ಮೊದಲ ಹೂ ಬಿಡಲು ಮೂವತ್ತೈದು ವರ್ಷ ಬೇಕು, ಪಕ್ಕಕ್ಕೆ ತೋಳು ಚಾಚಲು ಐವತ್ತರಿಂದ ನೂರು. ಬದುಕಿದರೆ ಇನ್ನೂರರ ಹತ್ತಿರಕ್ಕೂ ಹೋಗುತ್ತದೆ. ನಮ್ಮೆದುರು ಐದು ತೋಳು ಚಾಚಿ ನಿಂತದ್ದು ಚಿಗುರಿದಾಗ ಅರಿಝೋನಾ ಎಂಬ ರಾಜ್ಯವೇ ಇರಲಿಲ್ಲ. ಅದು ರಾಜ್ಯವಾದದ್ದು 1912ರಲ್ಲಿ.

ಆ ಕಾಂಡದ ಹತ್ತಿರ ಹೋಗಿ ನೋಡಿದೆ. ಮೇಲಿಂದ ಕೆಳಗಿನವರೆಗೆ ಸೀರೆಯ ನೆರಿಗೆಯಂಥ ಏಣುಗಳು. ಮಳೆ ಬಂದಾಗ ಬೇರು ಹೀರಿದ ನೀರಿಗೆ ನೆರಿಗೆ ಬಿಚ್ಚಿ ಕಾಂಡ ಉಬ್ಬುತ್ತದೆ, ಬರದಲ್ಲಿ ಮತ್ತೆ ಮಡಚಿಕೊಳ್ಳುತ್ತದೆ. ಬೇರುಗಳು ಆಳಕ್ಕೆ ಇಳಿಯದೆ ನೆಲದ ಮೇಲ್ಪದರದಲ್ಲೇ, ಗಿಡದ ಎತ್ತರದಷ್ಟು ದೂರ ಸುತ್ತಲೂ ಹರಡುತ್ತವೆ. ಹೀಗಾಗಿ ಸಗ್ವಾರೊದಿಂದ ಇಪ್ಪತ್ತಡಿ ದೂರದಲ್ಲಿ ಬುಲ್ಡೋಜರ್ ಓಡಿದರೂ ಅದಕ್ಕೆ ಪೆಟ್ಟು ಬಿತ್ತೆಂದೇ ಅರ್ಥ. ಕಾಂಡದ ನಡುವೆ ದುಂಡನೆಯ ತೂತುಗಳು: ಹೀಲಾ ಮರಕುಟಿಗ ಕೊರೆದ ಗೂಡುಗಳು. ಅದು ಬಿಟ್ಟುಹೋದ ಮೇಲೆ ಗುಬ್ಬಚ್ಚಿಯಷ್ಟೇ ಇರುವ ಎಲ್ಫ್ ಗೂಬೆ ಬಾಡಿಗೆಗೆ ಬರುತ್ತದೆ. ತುದಿಯಲ್ಲಿ ಬಿಳಿ ಮೇಣದಂಥ ಹೂಗಳು. ರಾತ್ರಿ ಅರಳಿ ಮರುದಿನ ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುವ ಆ ಹೂಗಳಲ್ಲಿ ಬೆಳಗಿನ ಹೊತ್ತು ಬಿಳಿರೆಕ್ಕೆಯ ಪಾರಿವಾಳಗಳು ಕತ್ತಿನವರೆಗೂ ಮುಖ ತೂರಿಸಿ ಪರಾಗ ಮೆತ್ತಿಕೊಂಡು ಎದ್ದುಬರುತ್ತಿದ್ದವು.

ದಾರಿಯ ಪಕ್ಕದಲ್ಲೊಂದು ಪರಿಚಿತ ಮುಖವೂ ಸಿಕ್ಕಿತು: ನಮ್ಮ ಬಯಲುಸೀಮೆಯ ಹೊಲಗಳ ಬೇಲಿಯಲ್ಲಿ ನಿಲ್ಲುವ ಪಾಪಾಸುಕಳ್ಳಿಯ ಬಂಧುಗಳು. ಈ ಕುಲದ ತವರು ಅಮೆರಿಕ ಖಂಡ. ಕೆಂಪು ಬಣ್ಣ ಕೊಡುವ ಕೊಚಿನೀಲ್ ಹುಳುವನ್ನು ಸಾಕುವ ಆಸೆಯಿಂದ ಈಸ್ಟ್ ಇಂಡಿಯಾ ಕಂಪನಿಯವರು 18ನೇ ಶತಮಾನದ ಕೊನೆಯಲ್ಲಿ ಇದನ್ನು ದಕ್ಷಿಣ ಭಾರತದಲ್ಲಿ ಬೆಳೆಸಿದ್ದರು. ನಮ್ಮಲ್ಲಿ ಕಳೆಯಾಗಿ ಹಬ್ಬಿದ್ದು ಇಲ್ಲಿ ತನ್ನ ನೆಲದಲ್ಲಿ, ತನಗೆ ಸಲ್ಲುವ ಜಾಗದಲ್ಲಿ, ಹಳದಿ ಹೂ ತುಂಬಿಕೊಂಡು ನಿಂತಿತ್ತು. ಫೀನಿಕ್ಸಿನಲ್ಲಿ ವರ್ಷಕ್ಕೆ ಸರಾಸರಿ ಬೀಳುವ ಮಳೆ ಏಳೆಂಟು ಅಂಗುಲ. ಆದರೆ ಅದು ಎರಡು ಕಂತಿನಲ್ಲಿ ಬರುತ್ತದೆ: ಚಳಿಗಾಲದ ಮೆಲುಮಳೆ, ಬೇಸಿಗೆಯ ಗುಡುಗುಮಳೆ. ಈ ಎರಡು ಮಳೆಗಾಲಗಳಿಂದಾಗಿಯೇ ಸೊನೊರನ್ ಮರುಭೂಮಿ ಇಷ್ಟು ಹಸಿರು.

ಈ ಸೊಬಗೇ ಜನರನ್ನು ಸೆಳೆಯಿತು. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1937ರಲ್ಲಿ ಈ ಬೆಟ್ಟದ ಬುಡಕ್ಕೆ ಬಂದು, ಇಲ್ಲಿಯದೇ ಕಲ್ಲುಗಳನ್ನು ಕಾಂಕ್ರೀಟಿನಲ್ಲಿ ಕೂಡಿಸಿ ಟಾಲಿಯೆಸಿನ್ ವೆಸ್ಟ್ ಎಂಬ ತನ್ನ ಚಳಿಗಾಲದ ಮನೆ ಕಟ್ಟಿದ. ತಗ್ಗಿದ ಮಾಡು, ಬೆಟ್ಟದ ಇಳಿಜಾರನ್ನೇ ಅನುಸರಿಸುವ ಗೋಡೆ, ಬಂಡೆಯದೇ ಬಣ್ಣ. ಮರುಭೂಮಿಯಲ್ಲಿ ಮನೆಯೇ ಕೂಡದು ಎನ್ನುವವರು ಒಮ್ಮೆ ಅದರ ಅಂಗಳದಲ್ಲಿ ನಿಲ್ಲಬೇಕು; ಆ ನೆಲಕ್ಕೆ ತಲೆಬಾಗಿ ಕಟ್ಟಲು ಸಾಧ್ಯ ಎಂಬುದಕ್ಕೆ ಅದು ಸಾಕ್ಷಿ. ಆಗ ಸುತ್ತಲೂ ಬರೀ ಬಯಲು. ಬಯಲಿಗೆ ವಿದ್ಯುತ್ ತಂತಿ ಎಳೆದಾಗ ರೈಟ್ ಕೆರಳಿ ಜಗಳಕ್ಕಿಳಿದಿದ್ದ. ಈಗ ಮನೆಗಳು ಟಾಲಿಯೆಸಿನ್ ತಪ್ಪಲಿನವರೆಗೂ ಬಂದಿವೆ.

1951ರಲ್ಲಿ ಸ್ಕಾಟ್ಸ್‌ಡೇಲ್ ನಗರಸಭೆಯಾದಾಗ ಅಲ್ಲಿದ್ದದ್ದು ಸುಮಾರು 2,000 ಜನ, ಒಂದು ಚದರ ಮೈಲಿಯೂ ತುಂಬದ ನೆಲ. ಇಂದು ಅದು 184 ಚದರ ಮೈಲಿ, 2.4 ಲಕ್ಷ ಜನ. ಏರ್ ಕಂಡೀಷನರ್ ಬಂತು, ಮಹಾಯುದ್ಧ ಮುಗಿಸಿದ ಸೈನಿಕರು ಬಂದರು, ಹಿಮಕ್ಕೆ ಹೆದರಿದ ನಿವೃತ್ತರು ಬಂದರು. ಕೊಲರಾಡೊ ನದಿಯ ನೀರನ್ನು 336 ಮೈಲಿ ದೂರ ಮರುಭೂಮಿಗೆ ಏರಿಸಿ ತರುವ ಸೆಂಟ್ರಲ್ ಅರಿಝೋನಾ ಕಾಲುವೆಯೂ ಬಂತು. ಊರು ಉತ್ತರಕ್ಕೆ, ಬೆಟ್ಟಗಳತ್ತ ಏರತೊಡಗಿತು.

1990ರ ದಶಕದ ಆರಂಭದಲ್ಲಿ ಬೆಟ್ಟದ ಇಳಿಜಾರಿನ ಮೇಲೂ ಮನೆಗಳ ನಕ್ಷೆ ಬಿದ್ದಾಗ ನಿವಾಸಿಗಳ ಒಂದು ಗುಂಪು ಎದ್ದುನಿಂತಿತು. ಬೇಡ ಎಂದು ಫಲಕ ಹಿಡಿಯುವುದಷ್ಟೇ ಅವರ ಕೆಲಸವಾಗಿದ್ದರೆ ಇಂದು ಪ್ರಿಸರ್ವ್ ಇರುತ್ತಿರಲಿಲ್ಲ. ಆ ನೆಲಕ್ಕೆ ಒಡೆಯರಿದ್ದರು, ಅದರಲ್ಲೂ ದೊಡ್ಡ ಪಾಲು ಸ್ಟೇಟ್ ಟ್ರಸ್ಟ್ ಭೂಮಿ. ಅರಿಝೋನಾ ರಾಜ್ಯವಾದಾಗ ಮುಖ್ಯವಾಗಿ ಶಾಲೆಗಳ ಖರ್ಚಿಗೆಂದು ಕೇಂದ್ರ ಸರ್ಕಾರ ಕೊಟ್ಟ ಜಮೀನು ಅದು. ಈಗಲೂ ರಾಜ್ಯದಾದ್ಯಂತ 90 ಲಕ್ಷ ಎಕರೆಗೂ ಹೆಚ್ಚಿದೆ. ಕಾನೂನಿನ ಪ್ರಕಾರ ಅದನ್ನು ಸುಮ್ಮನೆ ದಾನ ಮಾಡುವಂತಿಲ್ಲ. ಮಾರಿದರೆ ಹರಾಜಿನಲ್ಲಿ, ತಕ್ಕ ಬೆಲೆಗೆ ಮಾರಬೇಕು. ಮಕ್ಕಳ ಶಾಲೆಗೆ ಸಲ್ಲಬೇಕಾದ ಹಣವನ್ನು ಕಳ್ಳಿಗಾಗಿ ಬಿಟ್ಟುಕೊಡಿ ಎಂದು ಯಾರೂ ಕೇಳುವಂತಿರಲಿಲ್ಲ. ಹಾಗಾಗಿ ಊರಿನವರು ಕೊಳ್ಳುವ ದಾರಿ ಹಿಡಿದರು. 1995ರಲ್ಲಿ ಮತದಾರರು ಮಾರಾಟ ತೆರಿಗೆಯ ಮೇಲೆ ಶೇ 0.2ರಷ್ಟನ್ನು ಮೂವತ್ತು ವರ್ಷ ಹೆಚ್ಚುವರಿಯಾಗಿ ಕೊಡಲು ಒಪ್ಪಿದರು. 2004ರಲ್ಲಿ ಇನ್ನೂ ಶೇ 0.15 ಸೇರಿಸಿದರು. ಕಾಫಿ ಕೊಂಡಾಗ, ಚಪ್ಪಲಿ ಕೊಂಡಾಗ ಉದುರಿದ ಪುಡಿಗಾಸು ಸೇರಿ ಸೇರಿ ಬೆಟ್ಟವಾಯಿತು, ಅಕ್ಷರಶಃ. ಮೊದಲ ತೆರಿಗೆಯ ಅವಧಿ ಮುಗಿಯುತ್ತ ಬಂದಾಗ, 2024ರಲ್ಲಿ, ಪ್ರಿಸರ್ವ್ ಮತ್ತು ಉದ್ಯಾನಗಳ ನಿರ್ವಹಣೆಗೆ ಅದರ ಬದಲು ಶೇ 0.15ರ ತೆರಿಗೆಗೂ ಮತದಾರರು ಹೂಂ ಎಂದರು.

ಕೊಂಡದ್ದನ್ನು ಕಾಯುವ ಹಟವೂ ಅಷ್ಟೇ ಗಟ್ಟಿ. ಪ್ರಿಸರ್ವ್‌ನ ಒಳಗೇ ಮರುಭೂಮಿ ಪರಿಚಯ ಕೇಂದ್ರವೊಂದನ್ನು ಕಟ್ಟುವ ಪ್ರಸ್ತಾವ ಬಂದಾಗ, ಉದ್ದೇಶ ಒಳ್ಳೆಯದೇ ಆಗಿದ್ದರೂ ನಿವಾಸಿಗಳು ಸಹಿ ಸಂಗ್ರಹಿಸಿ 2018ರಲ್ಲಿ ಅದನ್ನು ಮತಕ್ಕಿಟ್ಟರು. ಸುಮಾರು ಶೇ 70ರಷ್ಟು ಜನ ನಗರದ ಸನ್ನದಿನ ತಿದ್ದುಪಡಿಗೆ ಮತ ಹಾಕಿದರು. ಈಗ ಕಾಲುದಾರಿ, ಪ್ರವೇಶದ್ವಾರಗಳಂಥವನ್ನು ಬಿಟ್ಟು ಬೇರೆ ಏನನ್ನೇ ಅಲ್ಲಿ ಕಟ್ಟಬೇಕಿದ್ದರೂ ಇಡೀ ಊರಿನ ಮತ ಕೇಳಬೇಕು.

ಗೆರೆಯ ಹೊರಗೂ ನಿಯಮಗಳಿವೆ. 1991ರ ಸೂಕ್ಷ್ಮ ಪರಿಸರ ಭೂಮಿ ಕಾಯಿದೆಯಂತೆ, ನಗರದ ಉತ್ತರ ಭಾಗದಲ್ಲಿ ಮನೆ ಕಟ್ಟುವವರು ತಮ್ಮದೇ ನಿವೇಶನದ ಒಂದು ಪಾಲನ್ನು ಮುಟ್ಟದೆ ಬಿಡಬೇಕು. ಅಡ್ಡ ಬರುವ ಸಗ್ವಾರೊವನ್ನು ಕಡಿಯುವಂತಿಲ್ಲ. ಅನುಮತಿ ಪಡೆದು, ಚೀಟಿ ಕಟ್ಟಿಸಿ, ಬೇರೆಡೆ ನೆಡಬೇಕು. ಅಂಥದ್ದೊಂದು ಕೆಲಸ ಕಣ್ಣಿಗೆ ಬಿತ್ತು. ಹೊಸ ರಸ್ತೆ ಬೀಳುತ್ತಿದ್ದ ಕಡೆ ಎರಡು ತೋಳಿನ ಸಗ್ವಾರೊ ಒಂದರ ಸುತ್ತ ಕಂದಕ ತೋಡಿದ್ದರು. ಕಾಂಡದ ಒಂದು ಮಗ್ಗುಲಿಗೆ ಬಣ್ಣದ ಗುರುತು: ಅದು ದಕ್ಷಿಣ ದಿಕ್ಕು. ಹೊಸ ಜಾಗದಲ್ಲೂ ಆ ಮಗ್ಗುಲು ದಕ್ಷಿಣಕ್ಕೇ ಇರಬೇಕು. ಯಾಕೆಂದರೆ ಬಿಸಿಲುಂಡು ಗಡುಸಾದ ಮೈ ಅದೊಂದೇ, ದಿಕ್ಕು ತಪ್ಪಿದರೆ ನೆರಳಲ್ಲಿ ಬೆಳೆದ ಮೈ ಸುಟ್ಟುಹೋಗುತ್ತದೆ. ತೋಳುಗಳ ಕೆಳಗೆ ಹಳೆಯ ಜಮಖಾನೆಯ ತುಂಡು ಮೆತ್ತಿ, ಲಾರಿಯ ಹಿಂದೆ ಜೋಡಿಸಿದ ಕಬ್ಬಿಣದ ತೊಟ್ಟಿಲನ್ನು ನೆಟ್ಟಗೆ ಎತ್ತಿ ಕಾಂಡಕ್ಕೆ ತಾಗಿಸಿ ಬಿಗಿದರು. ಆಮೇಲೆ ಬೇರು ಕತ್ತರಿಸುವ ಸದ್ದು. ಹಲವು ಟನ್ ತೂಕದ ಆ ಜೀವ ನಿಧಾನವಾಗಿ ಹಿಂದಕ್ಕೆ ಒರಗಿತು. ಕೆಲಸಗಾರರ ಕೈ ಎಷ್ಟು ನಯವಾಗಿತ್ತೆಂದರೆ ಒಂದು ಹೂವೂ ಉದುರಲಿಲ್ಲ. ಆದರೂ ಎತ್ತಿ ನೆಟ್ಟ ಹಳೆಯ ಸಗ್ವಾರೊ ಉಳಿಯಿತೇ ಎಂಬುದು ವರ್ಷಗಟ್ಟಲೆ ಗೊತ್ತಾಗುವುದಿಲ್ಲ; ಒಳಗಿನ ನೀರಿನಲ್ಲೇ ಬದುಕಿದಂತೆ ನಿಂತು, ಕೊನೆಗೊಂದು ದಿನ ಕುಸಿಯುವುದೂ ಉಂಟು. ಮರಕುಟಿಗ, ಪಾಲೊವರ್ಡೆ ನೆರಳು, ಒಣಹಳ್ಳದ ಮಣ್ಣು, ಇವನ್ನಂತೂ ಯಾವ ಲಾರಿಯೂ ಹೊರಲಾರದು.

ಇಷ್ಟು ಕೇಳಿದವರಿಗೆ ಕಥೆ ಸುಲಭ ಅನಿಸಬಹುದು: ಮರುಭೂಮಿ ಉಳಿಸಿ, ಮನೆ ನಿಲ್ಲಿಸಿ. ನಾನು ಉಳಿದುಕೊಂಡಿದ್ದ ಮನೆಯಲ್ಲೇ ಅದಕ್ಕೆ ಎದುರು ಮಾತು ಸಿಕ್ಕಿತು. ನನ್ನ ಅಕ್ಕನ ಮಗ ಫೀನಿಕ್ಸ್‌ನ ಆಗ್ನೇಯಕ್ಕಿರುವ ಚಾಂಡ್ಲರ್‌ನಲ್ಲಿ ಚಿಪ್ ಎಂಜಿನಿಯರ್. ಆ ಕಾರ್ಖಾನೆಗಳಿಂದಾಗಿಯೇ ಅಲ್ಲಿ ನಮ್ಮ ಕಡೆಯವರು ಬಹಳ. ಯುಗಾದಿಗೆ ಒಬ್ಬಟ್ಟು, ರಾಜ್ಯೋತ್ಸವಕ್ಕೆ ನಾಟಕ ಎಲ್ಲವೂ ನಡೆಯುತ್ತದೆ. ಅವನೂ ಹೆಂಡತಿಯೂ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿದ್ದು ಸ್ವಂತ ಮನೆ ಹುಡುಕುತ್ತಿದ್ದರು. ಬೆಟ್ಟದ ಸೊಬಗನ್ನು ನಾನು ಬಣ್ಣಿಸುತ್ತಿದ್ದಾಗ ಅವನೆಂದ: “ಮಾಮ, ಬೆಟ್ಟ ನಮಗೂ ಇಷ್ಟ, ಚಳಿಗಾಲದಲ್ಲಿ ವಾರವಾರ ಹೋಗ್ತೀವಿ. ಆದ್ರೆ ಬೆಟ್ಟದ ಬುಡದಲ್ಲಿ ಮನೆ ಇರೋರು ಇನ್ನು ಸಾಕು ಅಂತಾರಲ್ಲ, ಅವರ ಮನೆ ಕಟ್ಟೋವಾಗ ಯಾರೂ ಸಾಕು ಅನ್ಲಿಲ್ಲ ಅಲ್ವಾ?” ಅವನ ಹೆಂಡತಿ ಚಪಾತಿ ಲಟ್ಟಿಸುತ್ತಲೇ ಸೇರಿಸಿದಳು: “ಮಗಳ ಟೀಚರ್ ದಿನಾ ಒಂದು ಗಂಟೆ ಕಾರು ಓಡಿಸ್ಕೊಂಡು ಬರ್ತಾರೆ ಮಾಮ. ಸ್ಕೂಲ್ ಹತ್ರ ಬಾಡಿಗೆ ಕೊಡೋಕೆ ಅವರ ಸಂಬಳ ಸಾಲಲ್ಲ.”

ಈ ಮಾತಿಗೆ ಉತ್ತರ ಕೊಡದೆ ಮುಂದೆ ಹೋಗುವುದು ಸರಿಯಲ್ಲ. ಅರಿಝೋನಾದಲ್ಲಿ ಸುಮಾರು 2,70,000 ಮನೆಗಳ ಕೊರತೆಯಿದೆ ಎಂಬುದು ರಾಜ್ಯದ ವಸತಿ ಇಲಾಖೆ 2022ರ ಸುಮಾರಿಗೆ ಕೊಟ್ಟ ಅಂದಾಜು. ದೊಡ್ಡ ನಿವೇಶನ, ಒಂದೇ ಮನೆ, ಸುತ್ತ ಮುಟ್ಟದ ನೆಲ ಎಂಬ ನಿಯಮ ಮರುಭೂಮಿಗೆ ಹಿತವೇ. ಆದರೆ ಅಂಥ ಮನೆ ಕೊಳ್ಳಬಲ್ಲವರು ಸಿರಿವಂತರಷ್ಟೇ. 2024ರ ಕೊನೆಯಲ್ಲಿ ಸ್ಕಾಟ್ಸ್‌ಡೇಲ್‌ನ ಹೆದ್ದಾರಿಯ ಬಳಿ ಕಂಪನಿಯೊಂದರ ಹೊಸ ಕಚೇರಿಯ ಜೊತೆಗೆ ಸುಮಾರು 1,900 ಅಪಾರ್ಟ್‌ಮೆಂಟುಗಳಿಗೆ ನಗರ ಕೌನ್ಸಿಲ್ ಒಪ್ಪಿಗೆ ಕೊಟ್ಟಾಗ, ಅದನ್ನು ಮತಕ್ಕಿಡಬೇಕೆಂದು ಸಾವಿರಾರು ನಿವಾಸಿಗಳು ಸಹಿ ಹಾಕಿದರು. 2025ರಲ್ಲಿ ರಾಜ್ಯ ಶಾಸನಸಭೆ ಹೊಸ ಕಾನೂನನ್ನೇ ತಂದು ಆ ಮತದಾನಕ್ಕೆ ಅಡ್ಡಗಾಲು ಹಾಕಿತು. ಊರಿನ ಒಂದು ಪಾಳಯಕ್ಕೆ ಅದು ಮತದ ಹಕ್ಕನ್ನು ಕಸಿದ ಅನ್ಯಾಯ. ಇನ್ನೊಂದಕ್ಕೆ, ದುಡಿಯುವವರಿಗೂ ಊರಲ್ಲಿ ಜಾಗ ಸಿಗಬೇಕೆಂಬ ನ್ಯಾಯ.

ಮನೆಗೆ ಊರೊಳಗೆ ಜಾಗ ಸಿಗದಿದ್ದರೆ ಅದು ಎಲ್ಲಿಗೆ ಹೋಗುತ್ತದೆ? ಸ್ಕಾಟ್ಸ್‌ಡೇಲ್‌ನ ಈಶಾನ್ಯಕ್ಕೆ ನಗರದ ಎಲ್ಲೆ ದಾಟಿದರೆ ಸಿಗುವ ರಿಯೊ ವರ್ಡೆ ಫುಟ್‌ಹಿಲ್ಸ್‌ನಲ್ಲಿ ಉತ್ತರವಿದೆ. ಅರಿಝೋನಾದ 1980ರ ಅಂತರ್ಜಲ ಕಾಯಿದೆಯ ಪ್ರಕಾರ ಫೀನಿಕ್ಸ್‌ನಂಥ ಪ್ರದೇಶದಲ್ಲಿ ಬಡಾವಣೆ ಮಾಡುವವರು ನೂರು ವರ್ಷಕ್ಕೆ ಸಾಕಾಗುವ ನೀರು ತೋರಿಸಬೇಕು. ಆದರೆ ಆರು ನಿವೇಶನಗಳಿಗಿಂತ ಕಡಿಮೆ ಇದ್ದರೆ ಅದು ಬಡಾವಣೆಯ ಲೆಕ್ಕಕ್ಕೇ ಬರುವುದಿಲ್ಲ. ಹೀಗೆ ನಾಲ್ಕು, ಐದು ಎಂದು ತುಂಡು ಮಾಡುತ್ತ ಮಾಡುತ್ತ ಇಡೀ ಬಯಲು ಮನೆಗಳಾಯಿತು. ಹಲವರಿಗೆ ಕೊಳವೆಬಾವಿಯಿಲ್ಲ, ಸ್ಕಾಟ್ಸ್‌ಡೇಲ್‌ನ ನಲ್ಲಿಯಿಂದ ಟ್ಯಾಂಕರ್ ತರುತ್ತಿದ್ದ ನೀರೇ ಗತಿ. ಕೊಲರಾಡೊ ನದಿಯ ನೀರು ತಗ್ಗಿ ಅರಿಝೋನಾದ ಪಾಲು ಕಡಿತವಾದ ಮೇಲೆ, 2023ರ ಜನವರಿ 1ರಿಂದ ನಗರ ಆ ನಲ್ಲಿ ಮುಚ್ಚಿತು. ನೂರಾರು ಮನೆಗಳವರು ಮಳೆನೀರು ಹಿಡಿದು, ಪೇಪರ್ ತಟ್ಟೆಯಲ್ಲಿ ಉಂಡು, ದೂರದಿಂದ ಬಂದ ಟ್ಯಾಂಕರಿಗೆ ದುಬಾರಿ ಬೆಲೆ ತೆತ್ತು ತಿಂಗಳುಗಳನ್ನು ಕಳೆದರು. ಆಮೇಲೆ ವಿಶೇಷ ಕಾನೂನಿನಿಂದ ಬದಲಿ ವ್ಯವಸ್ಥೆಯಾಯಿತು. ಬೆಂಗಳೂರಿನ ಹೊರವಲಯದಲ್ಲಿ ಟ್ಯಾಂಕರ್ ಕಾದು ನಿಂತ ಯಾರಿಗೂ ಈ ಸಂಕಟವನ್ನು ವಿವರಿಸಬೇಕಿಲ್ಲ. ಅದೇ ವರ್ಷದ ಜೂನ್‌ನಲ್ಲಿ, ಬರೀ ಅಂತರ್ಜಲ ನಂಬಿದ ಹೊಸ ಬಡಾವಣೆಗಳಿಗೆ ಫೀನಿಕ್ಸ್ ಪ್ರದೇಶದಲ್ಲಿ ಇನ್ನು ಅನುಮತಿಯಿಲ್ಲ ಎಂದು ರಾಜ್ಯವೇ ಸಾರಿತು.

ಬಿಸಿಲೂ ತನ್ನ ಮತ ಹಾಕುತ್ತಿದೆ. 2023ರ ಬೇಸಿಗೆಯಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ ತಾಪಮಾನ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 43 ಡಿಗ್ರಿ ಸೆಲ್ಸಿಯಸ್ ಮುಟ್ಟಿತು ಇಲ್ಲವೇ ದಾಟಿತು. ಊರೊಳಗಿನ ಸಗ್ವಾರೊಗಳು ತೋಳು ಕಳಚಿಕೊಂಡು ಉರುಳಿದವು. ಸಗ್ವಾರೊ ತನ್ನ ಉಸಿರುರಂಧ್ರ ತೆರೆಯುವುದು ರಾತ್ರಿ, ನೆಲ ತಂಪಾದ ಮೇಲೆ. ಡಾಂಬರು, ಕಾಂಕ್ರೀಟು ಹಗಲು ಕುಡಿದ ಶಾಖವನ್ನು ರಾತ್ರಿಯಿಡೀ ಉಗುಳುವ ಊರಿನಲ್ಲಿ ಅದಕ್ಕೆ ಉಸಿರಾಡಲು ಹೊತ್ತೇ ಸಿಗುವುದಿಲ್ಲ. ಬೆಟ್ಟದ ಬದಿಯ ತೆರೆದ ನೆಲ ರಾತ್ರಿ ತಣ್ಣಗಾಗುತ್ತದೆ. ಮರುಭೂಮಿಯನ್ನು ಉಳಿಸಿಕೊಳ್ಳುವುದು ನೋಟದ ಸುಖಕ್ಕಷ್ಟೇ ಅಲ್ಲ ಎಂಬುದು ಅಲ್ಲಿಯ ಜನಕ್ಕೆ ಮೈಮೇಲೆ ಅರ್ಥವಾಗಿದೆ.

ಈ ನೆಲದ ಮೂಲನಿವಾಸಿಗಳ ಅಭಿಪ್ರಾಯವೂ ಅಲ್ಲೇ ಕಣ್ಣೆದುರಿಗಿದೆ, ಮಾತಿನಲ್ಲಲ್ಲ, ನೆಲದಲ್ಲಿ. ಸ್ಕಾಟ್ಸ್‌ಡೇಲ್‌ನ ಪೂರ್ವಕ್ಕೆ ಪೀಮಾ ರಸ್ತೆ ದಾಟಿದ ಕೂಡಲೇ ಅಂಗಡಿ ಮುಂಗಟ್ಟುಗಳ ಹಿಂದೆಯೇ ವಿಶಾಲ ಹೊಲ, ಬಯಲು. ಅದು ಸಾಲ್ಟ್ ರಿವರ್ ಪೀಮಾ-ಮರಿಕೋಪಾ ಸಮುದಾಯದ ಭೂಮಿ. ಕೋಟಿ ಕೋಟಿ ಬೆಲೆಯ ಆ ನೆಲದ ಒಂದಂಚಿನಲ್ಲಿ ವ್ಯಾಪಾರಕ್ಕೆ ಜಾಗ ಕೊಟ್ಟು, ದೊಡ್ಡ ಪಾಲನ್ನು ಅವರು ತೆರೆದೇ ಇಟ್ಟಿದ್ದಾರೆ. ಅವರ ಪೂರ್ವಿಕರು ಈ ಕಣಿವೆಯಲ್ಲಿ ನೂರಾರು ಮೈಲಿ ಕಾಲುವೆ ತೋಡಿ ಬೇಸಾಯ ಮಾಡಿದವರು; ಇಂದಿನ ಫೀನಿಕ್ಸ್‌ನ ಕೆಲವು ಕಾಲುವೆಗಳು ಅದೇ ಜಾಡಿನಲ್ಲಿ ಹರಿಯುತ್ತವೆ. ದಕ್ಷಿಣದ ತೊಹೊನೊ ಓಧಾಮ್ ಜನಕ್ಕೆ ಸಗ್ವಾರೊ ಹಣ್ಣಾಗುವ ಜೂನ್ ತಿಂಗಳೇ ಹೊಸ ವರ್ಷ. ಒಣಗಿದ ಸಗ್ವಾರೊದ ಒಳಕಡ್ಡಿಗಳನ್ನೇ ಜೋಡಿಸಿ ಮಾಡಿದ ಉದ್ದನೆಯ ಕೋಲಿನಿಂದ ಕೆಂಪು ಹಣ್ಣು ಕೆಡವಿ, ಪಾಕ ಕಾಯಿಸಿ, ಮಳೆಯನ್ನು ಕರೆಯುತ್ತಾರೆ. ಅವರಿಗೆ ಸಗ್ವಾರೊ ಬರೀ ಗಿಡವಲ್ಲ, ಮನುಷ್ಯ ಜೀವವೇ. ಈ ನೆಲದಲ್ಲಿ ಜನ ಬಾಳಲೂಬಹುದು, ನೆಲ ಉಳಿಯಲೂಬಹುದು ಎಂಬುದಕ್ಕೆ ಇದಕ್ಕಿಂತ ಹಳೆಯ ಪುರಾವೆ ಬೇಕಿಲ್ಲ.

ಅಲ್ಲಿ ಕೇಳಿದ ಮಾತುಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ನನಗನಿಸಿದ್ದು ಇಷ್ಟು. ಬೆಟ್ಟ ಕಾಯುವ ಸ್ವಯಂಸೇವಕಿಯೂ ಮನೆ ಹುಡುಕುವ ನನ್ನ ಸೋದರಳಿಯನೂ ವೈರಿಗಳಲ್ಲ. ಹೊರಗಿನ ಗೆರೆ ಗಟ್ಟಿಯಾಗಿ ಉಳಿಯಬೇಕಾದರೆ ಒಳಗಿನ ಬಾಗಿಲು ತೆರೆಯಬೇಕು. ಅದು ಶುರುವೂ ಆಗಿದೆ. 2024ರಲ್ಲಿ ಅರಿಝೋನಾ ತಂದ ಕಾನೂನುಗಳು ದೊಡ್ಡ ನಗರಗಳ ಹಿತ್ತಲುಗಳಲ್ಲಿ ಕಸೀತಾ ಎಂಬ ಪುಟ್ಟ ಮನೆಗಳಿಗೂ, ನಗರಕೇಂದ್ರದ ಸುತ್ತ ಎರಡು, ಮೂರು, ನಾಲ್ಕು ಮನೆಗಳ ಕಟ್ಟಡಗಳಿಗೂ ಅವಕಾಶ ಕೊಡಲೇಬೇಕೆಂದು ಹೇಳಿವೆ. ಖಾಲಿ ಬಿದ್ದ ಮಾಲ್‌ಗಳ ಪಾರ್ಕಿಂಗ್ ಜಾಗದಲ್ಲಿ, ರೈಲುದಾರಿಯ ಬದಿಯಲ್ಲಿ ಕಟ್ಟುವ ಪ್ರತಿ ಮನೆಯೂ ರಿಯೊ ವರ್ಡೆಯಂಥ ಬಯಲಲ್ಲಿ ಬುಲ್ಡೋಜರ್ ಓಡುವುದನ್ನು ತಪ್ಪಿಸುತ್ತದೆ. ಮರುಭೂಮಿಯನ್ನು ಪ್ರೀತಿಸುವವರು ತಮ್ಮ ಬೀದಿಯಲ್ಲಿ ನಾಲ್ಕು ಮಹಡಿಯ ಕಟ್ಟಡ ಬಂದಾಗ ಮುಖ ತಿರುವದೆ, ಟೀಚರಿಗೂ ನರ್ಸಿಗೂ ಇಲ್ಲಿ ಮನೆಯಿರಲಿ ಎಂದರೆ ಆ ಪ್ರೀತಿ ಪೂರ್ತಿಯಾಗುತ್ತದೆ. ಮನೆ ಬೇಕೆನ್ನುವವರು, ಬೆಟ್ಟದ ಕಡೆಯಿಂದ ಇನ್ನು ಒಂದು ಎಕರೆಯನ್ನೂ ಕೇಳುವುದಿಲ್ಲ ಎಂದರೆ ಅವರ ಬೇಡಿಕೆಗೂ ಬಲ ಬರುತ್ತದೆ.

ಮೂವತ್ತು ವರ್ಷದ ಹಿಂದೆ ಸ್ಕಾಟ್ಸ್‌ಡೇಲ್‌ನ ಜನ ತಾವು ಕಾಣದ ತಲೆಮಾರಿಗಾಗಿ, ಹೆಬ್ಬೆರಳುದ್ದದ ಮರಿಗಳಿಗಾಗಿ, ಕೈಯಾರೆ ಹಣ ಕೊಟ್ಟರು. ನೂರು ವರ್ಷ ಮುಂದಿನ ಸಗ್ವಾರೊಗೆ ಜಾಗ ಕಾದಿರಿಸುವಷ್ಟು ದೊಡ್ಡ ಮನಸ್ಸಿರುವ ಊರು, ಇಂದು ಬೆಳಿಗ್ಗೆ ಅದೇ ಊರಿಗೆ ಕೆಲಸಕ್ಕೆ ಬರುವವರಿಗೂ ಜಾಗ ಮಾಡಿಕೊಡಬಲ್ಲದು. ಎರಡನೆಯದನ್ನು ಮಾಡಿದರೆ ಮಾತ್ರ ಮೊದಲನೆಯದು ಉಳಿಯುತ್ತದೆ.